ಬಿಸಿಲುಂಡ ಫೈಬರ್ ಮುಟ್ಟಿದ ಮೇಲೆ ಮೈ ಯಾಕೆ ನವೆಯಾಗುತ್ತೆ?

ಇವತ್ತಿನ ಮಾತಿಗೆ ಕಾರಣ ಪುಣೆಯಲ್ಲಿ ನನ್ನ ಹಳೇ ಟೀಮಿನಲ್ಲಿದ್ದ ಒಬ್ಬ ಹುಡುಗ. ಧಾರವಾಡದವನು, ಈಗ ಆನ್‌ಸೈಟ್ ಅಂತ ಅಮೆರಿಕದ ಅರಿಜೋನಾದಲ್ಲಿದ್ದಾನೆ. ಅಲ್ಲಿ ಒಂದು ಹಳೇ ಪಿಕಪ್ ಟ್ರಕ್ ತಗೊಂಡು, ಮನೆ ಬದಲಾಯಿಸುವಾಗ ಇಡೀ ದಿನ ಅದರಲ್ಲಿ ಸಾಮಾನು ಹೇರಿ ಇಳಿಸಿದ್ದಾನೆ. ರಾತ್ರಿ ಆಗೋ ಹೊತ್ತಿಗೆ ಮುಂಗೈ, ಕುತ್ತಿಗೆ, ಮೊಣಕಾಲು ಎಲ್ಲ ಕೆಂಪಗಾಗಿ ಸೂಜಿ ಚುಚ್ಚಿದ ಹಾಗೆ ನವೆ. ಎರಡು ದಿನ ಕಳೆದು ಎಂಟು ತಿಂಗಳ ಮಗುವಿನ ಬೆನ್ನಲ್ಲೂ ಅದೇ ಗುಳ್ಳೆ! ಮಗು ಟ್ರಕ್ಕಿನ ಹತ್ತಿರವೂ ಹೋಗಿಲ್ಲ. "ಅಣ್ಣಾ, ಇದೇನ್ ಒಬ್ಬರಿಂದ ಒಬ್ಬರಿಗೆ ಹತ್ತೂದೇನ್ರಿ?" ಅಂತ ಗಾಬರಿಯಿಂದ ಫೋನ್ ಮಾಡಿದ.

ರೋಗ ಹತ್ತಿರಲಿಲ್ಲ, ಗಾಜು ಹತ್ತಿತ್ತು.

ನಮ್ಮೂರ ಬೊಲೆರೊ ಪಿಕಪ್, ಟಾಟಾ ಏಸ್ ಇವುಗಳ ಹಿಂದಿನ ತೊಟ್ಟಿ ಕಬ್ಬಿಣದ ತಗಡಿನದು. ಅಮೆರಿಕದಲ್ಲಿ ಕೆಲವು ಪಿಕಪ್‌ಗಳದ್ದು ಹಾಗಲ್ಲ. ಟೊಯೋಟಾ ಟಕೋಮಾಕ್ಕೆ 2005ರ ಮಾಡೆಲ್‌ನಿಂದ, ಹೋಂಡಾ ರಿಡ್ಜ್‌ಲೈನ್‌ಗೆ ಅದು ಬಂದ 2006ರ ಮಾಡೆಲ್‌ನಿಂದಲೇ ಕಾಂಪೋಸಿಟ್ ಬೆಡ್ ಇದೆ. ತುಕ್ಕು ಹಿಡಿಯಲ್ಲ, ನೆಗ್ಗಲ್ಲ, ಹಗುರ. ಒಳ್ಳೇ ವಸ್ತುವೇ. ಇಂಥ ಬೆಡ್‌ಗೆ ಸಾಮಾನ್ಯವಾಗಿ ಬಳಸುವ ವಸ್ತು ಹೇಗೆ ಆಗುತ್ತೆ ಅಂದರೆ, ಸುಮಾರು ಒಂದು ಇಂಚು ಉದ್ದಕ್ಕೆ ಕತ್ತರಿಸಿದ ಗಾಜಿನ ಎಳೆಗಳನ್ನು ಪಾಲಿಯೆಸ್ಟರ್ ಜಾತಿಯ ರೆಸಿನ್ ಮತ್ತು ಸುಣ್ಣಕಲ್ಲಿನ ಪುಡಿಯ ಜೊತೆ ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ಕಲಸ್ತಿದ್ದರಲ್ಲ, ಅದೇ ಲೆಕ್ಕ. ಬಲ ಕೊಡೋದು ಎಳೆ, ಹಿಡಿದಿಡೋದು ರೆಸಿನ್.

ಮಳೆ ಬಿದ್ದಾಗ ಮಣ್ಣಿನ ಗೋಡೆಯ ಮೇಲ್ಪದರ ಕರಗಿ ಹುಲ್ಲುಕಡ್ಡಿ ಹೊರಗೆ ಇಣುಕುತ್ತೆ. ಇಲ್ಲಿ ಆ ಕೆಲಸ ಮಾಡೋದು ಬಿಸಿಲಿನ ನೇರಳಾತೀತ ಕಿರಣ. ರೆಸಿನ್ನಿನ ಮೇಲ್ಪದರ ಒಡೆದು ಬಿಳೀ ಪುಡಿಯಾಗುತ್ತೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತೆ. ಗಾಜಿಗೆ ಬಿಸಿಲಿನಿಂದ ಏನೂ ಆಗಲ್ಲ, ಅದು ಅಲ್ಲೇ ನಿಂತಿರುತ್ತೆ. ವರ್ಷಗಟ್ಟಲೆ ಹೀಗೆ ನಡೆದರೆ ಕಪ್ಪಗೆ ಹೊಳೆಯುತ್ತಿದ್ದ ಬೆಡ್ ಬೂದಿ ಬಣ್ಣಕ್ಕೆ ತಿರುಗಿ, ಮೇಲೆಲ್ಲ ಕಣ್ಣಿಗೆ ಸರಿಯಾಗಿ ಕಾಣದ ಮುಳ್ಳು. ಗಟ್ಟಿತನಕ್ಕೆ ತಕ್ಷಣ ಏನೂ ಧಕ್ಕೆ ಇರಲ್ಲ, ಕೆಡೋದು ಮೇಲ್ಮೈ ಮಾತ್ರ.

ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದುಕೊಂಡರೆ, ಈ ಎಳೆ 10ರಿಂದ 20 ಮೈಕ್ರಾನ್. ಸುಮಾರು 5 ಮೈಕ್ರಾನ್‌ಗಿಂತ ದಪ್ಪದ ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ಬಯಲುಸೀಮೆಯಲ್ಲಿ ಪಾಪಾಸುಕಳ್ಳಿ ಹಣ್ಣು ಕಿತ್ತು ತಿಂದವರಿಗೆ ಇದನ್ನು ವಿವರಿಸೋದೇ ಬೇಡ. ಕಣ ಮಾಡುವಾಗ ಮೈಗೆ ಹತ್ತುವ ಸುಂಕು ಗೊತ್ತಿರೋರಿಗೂ ಬೇಡ. ನಸುಗುನ್ನಿ ಕಾಯಿಯ ರೋಮದಲ್ಲಿ ನವೆ ಹುಟ್ಟಿಸುವ ರಸಾಯನವೇ ಇದೆ, ಗಾಜಿನಲ್ಲಿ ಅಂಥದ್ದೇನೂ ಇಲ್ಲ. ಬರೀ ಚುಚ್ಚುವಿಕೆ. ಹಾಗಾಗಿ ಇದು ಸಾಮಾನ್ಯವಾಗಿ ಅಲರ್ಜಿ ಅಲ್ಲ, ಅಲರ್ಜಿ ಮಾತ್ರೆ ನುಂಗಿದರೂ ಚುಚ್ಚಿಕೊಂಡ ಎಳೆ ಹೊರಗೆ ಬರಲ್ಲ.

ಮಗುವಿಗೆ ಹೇಗೆ ಬಂತು? ವಾಷಿಂಗ್ ಮಷೀನ್. ಅವತ್ತಿನ ಜೀನ್ಸು, ಟೀ ಶರ್ಟು, ಮಗುವಿನ ಜಬಲ, ಹೊದಿಕೆ ಎಲ್ಲ ಒಂದೇ ಲೋಡ್‌ನಲ್ಲಿ ಹಾಕಿದ್ದರು. ಒಂದು ಬಟ್ಟೆಯ ಎಳೆ ನೀರಿನಲ್ಲಿ ಬಿಟ್ಟು ಉಳಿದ ಬಟ್ಟೆಗೆಲ್ಲ ಸಿಕ್ಕಿಕೊಂಡಿತ್ತು. ಇಂಥ ಕೆಲಸ ಮಾಡಿದ ಬಟ್ಟೆಯನ್ನು ಹೊರಗೆ ಕೊಡವಿ, ಬೇರೆಯಾಗಿ ಒಗೆದು, ಆಮೇಲೆ ಖಾಲಿ ಮಷೀನನ್ನು ಒಂದು ಸಲ ಬರೀ ನೀರಿನಲ್ಲಿ ಓಡಿಸಬೇಕು. ಈ ವಿಡಿಯೋದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ. ಯಾಕಂದ್ರೆ ಮನೆಮಂದಿಗೆಲ್ಲ ತುರಿಕೆ ಶುರುವಾದರೆ ಡಾಕ್ಟರಿಗೂ ಮೊದಲು ಕಜ್ಜಿಯ ನೆನಪಾಗುತ್ತೆ. ಹಿಂದಿನ ದಿನ ಫೈಬರ್ ಮುಟ್ಟಿದ್ದು, ಬಟ್ಟೆ ಒಟ್ಟಿಗೆ ಒಗೆದದ್ದು ನೀವೇ ಹೇಳದಿದ್ದರೆ ಅವರಿಗೆ ಹೊಳೆಯೋದು ಕಷ್ಟ. ಕಜ್ಜಿಯಲ್ಲಿ ರಾತ್ರಿ ನವೆ ಜಾಸ್ತಿ, ಬೆರಳುಗಳ ಸಂದಿಯಲ್ಲಿ ಕಾಣುತ್ತೆ, ವಾರ ಕಳೆದ ಹಾಗೆ ಹೆಚ್ಚುತ್ತೆ. ಗಾಜಿನದು ಮುಟ್ಟಿದ ಜಾಗ ಮತ್ತು ಬಟ್ಟೆ ಉಜ್ಜುವ ಜಾಗದಲ್ಲಿ, ಅಂದರೆ ಕಾಲರ್, ಸೊಂಟದ ಪಟ್ಟಿ, ತೋಳಿನ ಅಂಚು. ಹೊಸದಾಗಿ ಚುಚ್ಚದಿದ್ದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತೆ.

ಚರ್ಮಕ್ಕೆ ಏನು ಮಾಡೋದು? ಮೊದಲು ಕೆರೀಬೇಡಿ, ಉಜ್ಜಬೇಡಿ. ಉಜ್ಜಿದಷ್ಟೂ ಎಳೆ ಒಳಗೆ ಹೋಗುತ್ತೆ. ಕೈ ಕಾಲನ್ನು ಹರಿಯುವ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ, ಮೆತ್ತಗಿನ ಬಟ್ಟೆಯಿಂದ ಹಗುರವಾಗಿ ಸವರಿ ತೊಳೀರಿ. ನೀರು ಉಗುರುಬೆಚ್ಚಗೆ ಇದ್ದರೆ ಸಾಕು, ಸುಡುನೀರು ನವೆಯನ್ನು ಕೆರಳಿಸುತ್ತೆ. ಕಾಣುವ ಎಳೆಯನ್ನು ಚಿಮಟದಿಂದ ತೆಗೀಬಹುದು, ಅಥವಾ ಟೇಪನ್ನು ಮೆಲ್ಲಗೆ ಒತ್ತಿ ಎತ್ತಬಹುದು. ಕಣ್ಣಿಗೆ ಹೋದರೆ ಉಜ್ಜದೆ 15 ನಿಮಿಷ ನೀರು ಹರಿಸಿ, ಆಮೇಲೂ ಚುಚ್ಚಿದ ಹಾಗಿದ್ದರೆ ಅವತ್ತೇ ಕಣ್ಣಿನ ಡಾಕ್ಟರು. ಅಮ್ಮಂದಿರು ಹೇಳುವ ಕೊಬ್ಬರಿ ಎಣ್ಣೆ ತೊಳೆದಾದ ಮೇಲೆ ಇರಲಿ. ಮೊದಲೇ ಹಚ್ಚಿದರೆ ಎಳೆಗಳು ಎಣ್ಣೆಗೆ ಅಂಟಿ ಮೈಯೆಲ್ಲ ಹರಡುತ್ತವೆ. ತೊಳೆದ ಮೇಲೆ ತಣ್ಣೀರ ಬಟ್ಟೆ, ಕ್ಯಾಲಮೈನ್ ಸಾಕಾಗುತ್ತೆ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಕೋಪದಿಂದಲೇ ಹೇಳ್ತೀನಿ. ನಮ್ಮವರ ಸೂಟ್‌ಕೇಸಿನಲ್ಲಿ ಊರಿನ ಮೆಡಿಕಲ್ ಶಾಪಿನ ಒಂದು ಮುಲಾಮಿನ ಟ್ಯೂಬ್ ಇದ್ದೇ ಇರುತ್ತೆ. ಹುಳುಕಡ್ಡಿಗೂ ಅದೇ, ಮೊಡವೆಗೂ ಅದೇ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಜೋರಾದ ಸ್ಟಿರಾಯ್ಡ್, ಫಂಗಸ್ ಔಷಧ, ಆಂಟಿಬಯಾಟಿಕ್ ಮೂರೂ ಬೆರೆತಿರುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಬೇಕಾಗುವ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದು ಇಂಥ ದುರ್ಬಳಕೆಯ ಕಾರಣಕ್ಕೇ. ಮಗುವಿನ ತೆಳು ಚರ್ಮಕ್ಕಂತೂ ಅದನ್ನು ಮುಟ್ಟಿಸಲೇಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಗೂಗಲ್ ಮಾಡಿದವರು ಐದು ನಿಮಿಷದಲ್ಲಿ ಕ್ಯಾನ್ಸರ್‌ಗೆ ತಲುಪಿರುತ್ತಾರೆ, ಅದಕ್ಕೂ ಉತ್ತರ ಹೇಳಿಬಿಡ್ತೀನಿ. ಕಲ್ನಾರು ಉದ್ದಕ್ಕೆ ಸೀಳಿ ಸೀಳಿ ಇನ್ನೂ ಸಣ್ಣದಾಗುತ್ತೆ, ಶ್ವಾಸಕೋಶದ ಆಳಕ್ಕೆ ಹೋಗುತ್ತೆ. ಈ ಗಾಜಿನ ಎಳೆ ಅಡ್ಡಕ್ಕೆ ಮುರಿಯುತ್ತೆ, ದಪ್ಪ ಅಷ್ಟೇ ಉಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಜಾತಿಯ ಗಾಜಿನ ಎಳೆಯನ್ನು 3ನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಲಾಗದ ಗುಂಪಿಗೆ ಸೇರಿಸಿದೆ. ಹಾಗಂತ ಧೂಳು ಕುಡೀರಿ ಅಂತಲ್ಲ. ಗಂಟಲು, ಮೂಗು ಉರಿಯುತ್ತೆ.

ಟ್ರಕ್ಕಿನ ಕಡೆಗೆ ಬರೋಣ, ಯಾಕಂದ್ರೆ ಬೆಡ್ ಸರಿಮಾಡದೆ ಕೈಗೆ ಎಷ್ಟು ಹಚ್ಚಿದರೂ ಮುಂದಿನ ಶನಿವಾರ ಮತ್ತೆ ಅದೇ ಕತೆ. ತುಂಬುತೋಳಿನ ಶರ್ಟು, ಕೈಗವಸು, ಕನ್ನಡಕ, ಎನ್‌95 ಮಾಸ್ಕ್. ಒಣಗಿದ್ದಾಗ ಗುಡಿಸಬೇಡಿ, ಗಾಳಿ ಊದಬೇಡಿ. ಒದ್ದೆ ಮಾಡಿ, ಸೋಪುನೀರಿನಲ್ಲಿ ತೊಳೆದು, ಇಣುಕುವ ಎಳೆಯನ್ನು ವಾಟರ್ ಪೇಪರ್‌ನಿಂದ ನೀರು ಹಾಕುತ್ತಲೇ ತಿಕ್ಕಬೇಕು. ಪೂರ್ತಿ ಒಣಗಿದ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಲೇಪ, ಇಲ್ಲವೇ ಅಂಗಡಿಯಲ್ಲಿ ಸ್ಪ್ರೇ ಲೈನರ್ ಮಾಡಿಸೋದು. ಬೆಡ್ ಉಕ್ಕಿನದಲ್ಲ, ಕಾಂಪೋಸಿಟ್ ಅಂತ ಮೊದಲೇ ಹೇಳಿ, ತಳದ ಪ್ರೈಮರ್ ಬೇರೆ ಬೇಕಾಗಬಹುದು. ಅಲ್ಲೀವರೆಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೂ ನಡೆಯುತ್ತೆ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಹೊಡೆದರೆ ಕಪ್ಪಗೆ ಹೊಳೆಯುತ್ತೆ, ಎಳೆ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಜೊತೆಗೆ ಆಮೇಲೆ ಬಣ್ಣ ಹಿಡಿಯಲ್ಲ.

ಮುಂಬೈ, ಹೈದರಾಬಾದಿನಲ್ಲಿ ಕೂತು ಕೇಳುತ್ತಿರೋರು 'ನಮಗೆ ಪಿಕಪ್ಪೇ ಇಲ್ಲವಲ್ಲ' ಅನ್ನಬಹುದು. ಇದೇ ಗಾಜು, ಇದೇ ಜಾತಿಯ ರೆಸಿನ್ ನಿಮ್ಮ ಬಾಲ್ಕನಿಯ ಮೇಲಿನ ಎಫ್‌ಆರ್‌ಪಿ ಶೀಟಿನಲ್ಲಿದೆ, ದೆಹಲಿಯ ಟೆರೇಸಿನ ಫೈಬರ್ ಕೂಲರಿನಲ್ಲಿದೆ, ಸೊಸೈಟಿಯ ಆಟದ ಜಾಗದ ಜಾರುಬಂಡೆಯಲ್ಲೂ ಇರಬಹುದು. ಎಲ್ಲ ಜಾರುಬಂಡೆಯೂ ಫೈಬರಿನದಲ್ಲ, ಬರೀ ಪ್ಲಾಸ್ಟಿಕ್ಕಿನವೂ ಇವೆ, ಅವುಗಳಲ್ಲಿ ಗಾಜಿರಲ್ಲ. ಸಂಜೆ ಕೆಳಗೆ ಹೋದಾಗ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಪಾರದರ್ಶಕ ಟೇಪನ್ನು ಒತ್ತಿ ಎತ್ತಿ ಕಪ್ಪು ಕಾಗದಕ್ಕೆ ಅಂಟಿಸಿ. ಮಿನುಗುವ ನೇರ ಗೆರೆಗಳು ಕಂಡರೆ ಫೋಟೋ ತೆಗೆದು ಸೊಸೈಟಿ ಕಮಿಟಿಗೆ ಕಳಿಸಿ, ಮೇಲ್ಮೈಗೆ ಹೊಸ ಜೆಲ್‌ಕೋಟ್ ಅಥವಾ ಪಿಯು ಲೇಪ ಮಾಡಿಸಿ ಅಂತ ಬರವಣಿಗೆಯಲ್ಲೇ ಕೇಳಿ. ಅದು ಆಗೋವರೆಗೆ ಮಕ್ಕಳನ್ನು ಚಡ್ಡಿಯಲ್ಲಿ ಜಾರಲು ಬಿಡಬೇಡಿ.