ಮನೆಯೊಳಗಣ ಕುಂಡದ ಗಿಡಗಳು

ಹೊಲಗದ್ದೆಗಳ ಕೆಲಸದಲ್ಲಿ ನುರಿತವರ ಮನೆಯಲ್ಲಿಯೂ ಕುಂಡದ ಗಿಡಗಳು ಬೇಗನೆ ಸಾಯುವುದುಂಟು. ಇದಕ್ಕೆ ನೀರಿನ ಕೊರತೆಗಿಂತ ಅತಿಶಯವೇ ಸಾಧಾರಣವಾಗಿ ಕಾರಣವು. ಒಳಮನೆಯಲ್ಲಿ ಬಿಸಿಲೂ ಗಾಳಿಯೂ ಕಡಮೆಯಾದುದರಿಂದ ಮಣ್ಣು ನಿಧಾನವಾಗಿ ಆರುವುದು; ಸದಾ ತೇವವಿದ್ದರೆ ಬೇರುಗಳು ಗಾಳಿ ದೊರೆಯದೆ ಕೊಳೆಯುವುವು. ಆದಕಾರಣ ಕುಂಡದ ತಳದಲ್ಲಿ ರಂಧ್ರವಿರತಕ್ಕದ್ದು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರಗಳನ್ನು ಸಮಭಾಗವಾಗಿ ಬೆರೆಸಿ ತುಂಬಬೇಕು. ಮೇಲ್ಮಣ್ಣು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಒಣಗಿದ ಮೇಲೆಯೇ ನೀರೆರೆಯುವುದು ಯುಕ್ತ.

ತೊಟ್ಟಿಯ ಸುತ್ತಣ ಬೆಳಕಿರುವ ನೆರಳಿಗೆ ವೀಳ್ಯದೆಲೆಯ ಬಳ್ಳಿ ಒಪ್ಪುವುದು. ಚುಕ್ಕೆಯೆಲೆಯ ಡೈಫೆನ್‌ಬೇಕಿಯವನ್ನು ಅಗಿದರೆ ಬಾಯಿ ಉರಿದು ನಾಲಿಗೆ ಬಾತುಕೊಳ್ಳುವುದು. ಮಕ್ಕಳಿರುವ ಮನೆಯಲ್ಲಿ ಅದನ್ನಿಡಕೂಡದು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಗಳು ಹುಟ್ಟುವುವು. ಅದನ್ನು ವಾರಕ್ಕೊಮ್ಮೆ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯತಕ್ಕದ್ದು. ಊರಿನ ಮುಖಂಡರು ತಮ್ಮ ಮನೆಗಳಲ್ಲಿ ಇದನ್ನು ಮೊದಲು ನಡೆಸಿದರೆ ಗ್ರಾಮಸ್ಥರೂ ಅನುಸರಿಸುವರು.