ಒಂದೇ ಗುಂಡಿನ ಕೋವಿ

ನಾಸಿಕ್ ರೋಡಿನಲ್ಲಿ ನಮ್ಮ ಬಿಡಾರದ ಮೇಲುಮನೆಯಲ್ಲಿ ಕೊಡಗಿನ ಸುಬೇದಾರರೊಬ್ಬರಿದ್ದಾರೆ. ದೇವಳಾಲಿಯ ತೋಪುಖಾನೆಯ ಶಾಲೆಯಲ್ಲಿ ಕಡೆಯ ಸೇವೆ ಮುಗಿಸಿ, ಈ ಊರಿನ ಹವೆಗೂ ದ್ರಾಕ್ಷಿಗೂ ಮನಸೋತು ಇಲ್ಲಿಯೇ ನಿಂತವರು. ಆ ಕಡೆಯಿಂದ ಅಭ್ಯಾಸದ ತೋಪಿನ ಸದ್ದು ಬಂದರೆ ನಮ್ಮ ಮನೆಯಲ್ಲಿ ಮಗು ಎದ್ದು ಅಳುತ್ತದೆ. ಅವರ ಮುಖ ಮಾತ್ರ ಅರಳುತ್ತದೆ.

ಕಳೆದ ಶ್ರಾವಣದಲ್ಲಿ ಅವರು ಒಂದು ಕಾಗದ ಹಿಡಿದು ನಮ್ಮಲ್ಲಿಗೆ ಇಳಿದು ಬಂದರು. ವಿರಾಜಪೇಟೆಯ ಕಡೆಯ ತಮ್ಮ ಮನೆಯಿಂದ ಅಣ್ಣ ಬರೆಸಿದ್ದು. "ನನಗೆ ವಯಸ್ಸಾಯಿತು. ಅಜ್ಜನ ರೈಫಲ್ಲನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ? ಕೈಲ್ ಪೊಳ್ದ್‌ಗೆ ಬಂದು ಹೇಳಿಬಿಡು" ಎಂದಿತ್ತು. ಸುಬೇದಾರರ ಮಗ ಛತ್ರಪತಿ ಸಂಭಾಜಿನಗರದ ವಾಳೂಜಿನ ಕಾರ್ಖಾನೆಯೊಂದರಲ್ಲಿ ಅಧಿಕಾರಿ. "ಅಪ್ಪ, ಯಾವ ಕಾಲದ ಕಬ್ಬಿಣವೋ ಅದು! ಠಾಣೆಗೆ ಒಪ್ಪಿಸಿಬಿಡಿ, ಕಾಗದಪತ್ರಕ್ಕೆ ಅಲೆಯುವವರು ಯಾರು?" ಎಂದು ಅವರು ಹೇಳಿಯಾಗಿತ್ತು. ಕಾಗದಪತ್ರವೆಂದರೆ ಗುಮಾಸ್ತರಾದ ನಮ್ಮ ಕಸುಬು. ಹಾಗಾಗಿ ಸುಬೇದಾರರು ನಮ್ಮ ಬಳಿ ಬಂದದ್ದು.

"ಜಿಂಕೆ ಹೊಡೆಯುವ ಕೋವಿಯೇ, ಅಜ್ಜ?" ಎಂದು ನಮ್ಮ ಹಿರಿಯ ಮಗ ಕಣ್ಣರಳಿಸಿದ.

"ಹೌದು ಮಗೂ. ಆದರೆ ಅದರ ಕಥೆ ಕೇಳಿದರೆ ಹೊಡೆಯುವ ಮನಸ್ಸು ಬರುವುದಿಲ್ಲ" ಎಂದು ಅವರು ಕುಳಿತರು.

ಅದು ಮಾರ್ಟಿನಿ ಬಗೆಯ ಒಂಟಿ ನಳಿಗೆಯ ರೈಫಲ್ಲು. ಹಿಡಿಯ ಕೆಳಗೊಂದು ಸನ್ನೆ ಇರುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಒಳಗಿನ ಉಕ್ಕಿನ ತುಂಡು ತಗ್ಗಿ ನಳಿಗೆಯ ಬುಡ ತೆರೆಯುತ್ತದೆ, ಸುಟ್ಟ ತೋಟೆ ಹೊರಬೀಳುತ್ತದೆ. ಕೈಯಿಂದ ಇನ್ನೊಂದು ತೋಟೆ ಇಟ್ಟು ಸನ್ನೆ ಮೇಲೆತ್ತಬೇಕು. ಒಂದು ಸಲಕ್ಕೆ ಒಂದೇ ಗುಂಡು. ಬ್ರಿಟಿಷ್ ಸೈನ್ಯವು 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಈ ಬಗೆಯದೇ. ಅದರ ನಳಿಗೆಯ ಬಾಯಿ 0.45 ಇಂಚು, ಸೀಸದ ಗುಂಡಿನ ತೂಕ 480 ಗ್ರೇನ್, ಎಂದರೆ ಸುಮಾರು 31 ಗ್ರಾಮ್. ಹಿಂದೆ ಕಪ್ಪು ಮದ್ದು 85 ಗ್ರೇನ್.

ಗುಂಡು ದೊಡ್ಡದು, ಆದರೆ ನಿಧಾನದ್ದು. ಸೆಕೆಂಡಿಗೆ ಸುಮಾರು 410 ಮೀಟರ್. ಸುಬೇದಾರರು ಸೈನ್ಯದಲ್ಲಿ ಹಿಡಿದ 7.62ರ ಗುಂಡಿಗೆ ಇದರ ಇಮ್ಮಡಿ ವೇಗ. ಹೋಗುವ ಹೊತ್ತು ಹೆಚ್ಚಿದಷ್ಟೂ ಭೂಮಿ ಗುಂಡನ್ನು ಕೆಳಕ್ಕೆ ಸೆಳೆಯುತ್ತದೆ. 7.62ರ ಗುಂಡು 100 ಮೀಟರಿನಲ್ಲಿ ನಳಿಗೆಯ ನೇರದಿಂದ ಸುಮಾರು 3 ಇಂಚು ಇಳಿದರೆ, ಈ ದಪ್ಪ ಗುಂಡು ಒಂದಡಿಗೂ ತುಸು ಹೆಚ್ಚು ಇಳಿಯುತ್ತದೆ. 200 ಮೀಟರಿನಲ್ಲಿ ಸುಮಾರು ಐದಡಿ! ಆದ್ದರಿಂದ ಇಂಥ ಕೋವಿಯನ್ನು ಮೊದಲು ಒಂದು ದೂರಕ್ಕೆ ಹದಗೊಳಿಸದೆ ಕಾಡಿಗೆ ಒಯ್ಯುವುದೆಂದರೆ ಕಣ್ಣು ಕಟ್ಟಿಕೊಂಡು ಒಯ್ದಂತೆಯೇ.

ಹದಗೊಳಿಸುವ ಕ್ರಮವನ್ನು ಅವರ ಅಜ್ಜ ಹೀಗೆ ಕಲಿಸಿದ್ದರಂತೆ. ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು. ತುಕ್ಕಾಗಲಿ ಉಬ್ಬಾಗಲಿ ಇರಕೂಡದು. ಎರಡನೆಯದು, ಮರದ ಹಿಡಿ ಅಲುಗಾಡದಂತೆ ತಿರುಪುಗಳನ್ನು ಬಿಗಿಯುವುದು. ಮೂರನೆಯದು, ಎಲ್ಲ ತೋಟೆಗಳಲ್ಲೂ ಒಂದೇ ತೂಕದ ಗುಂಡು, ಒಂದೇ ಅಳತೆಯ ಮದ್ದು. ನಾಲ್ಕನೆಯದು, ಮರಳು ಚೀಲದ ಮೇಲೆ ಕೋವಿಯಿಟ್ಟು ಕಾಗದದ ಗುರಿಗೆ ನಿಧಾನವಾಗಿ ಮೂರು ಗುಂಡು ಹೊಡೆಯುವುದು. ಮೂರೂ ಒಂದೇ ಕಡೆ ಕೂಡಿ ಬಿದ್ದು, ನಡುಬೊಟ್ಟಿನಿಂದ ದೂರವಿದ್ದರೆ ದೋಷ ನೋಟದ ಪಟ್ಟಿಯಲ್ಲಿದೆ. ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಹಿಂದಿನ ಪಟ್ಟಿಯನ್ನು ಸರಿಸಬೇಕು. ಮೂರೂ ಮೂರು ದಿಕ್ಕಾದರೆ ಪಟ್ಟಿಯನ್ನು ಮುಟ್ಟಕೂಡದು. ದೋಷ ಕೋವಿಯಲ್ಲಿಯೋ ತೋಟೆಯಲ್ಲಿಯೋ ಹೊಡೆಯುವವನಲ್ಲಿಯೋ ಇದೆ. ಐದನೆಯದು, ಚೀಲ ತೆಗೆದು, ಕುಳಿತು, ನಿಂತು ಹೊಡೆದು, ತನ್ನ ಕೈ ಎಷ್ಟು ದೂರಕ್ಕೆ ನಂಬಿಕೆಯದು ಎಂದು ತಿಳಿಯುವುದು. ಆ ದೂರದಾಚೆ ಪ್ರಾಣಿ ನಿಂತಿದ್ದರೆ ಕೈಮುಗಿದು ಹಿಂತಿರುಗುವುದು.

"ಇಷ್ಟೂ ಗೊತ್ತಿದ್ದು ನಾನೇ ತಪ್ಪಿದೆ" ಎಂದರು ಸುಬೇದಾರರು. 1966ರ ಮಾತು, ಬೇಟೆಗೆ ಇನ್ನೂ ಅವಕಾಶವಿದ್ದ ಕಾಲ. ಅವರಿಗೆ ಹದಿನೆಂಟು. ಅಜ್ಜ ಪೇಟೆಗೆ ಹೋಗಿದ್ದಾಗ ರೈಫಲ್ಲನ್ನು ಇಳಿಸಿಕೊಂಡು ಕಾಡಂಚಿಗೆ ಹೋದರು. ಹಿಂದಿನ ವಾರ ಕೋವಿ ಕೆಳಕ್ಕೆ ಬಿದ್ದು ನೋಟದ ಪಟ್ಟಿ ಸರಿದಿತ್ತು. ಒಂದು ಗುಂಡನ್ನು ಕಾಗದಕ್ಕೆ ಹೊಡೆದು ನೋಡುವ ತಾಳ್ಮೆ ಇರಲಿಲ್ಲ. ಚುಕ್ಕೆ ಜಿಂಕೆಯೊಂದು ಸಿಕ್ಕಿತು, ಹೊಡೆದರು. ಎದೆಗೆ ತಾಗಬೇಕಾದ ಗುಂಡು ಹಿಂದೊಡೆಗೆ ತಾಗಿತು. ಎರಡನೆಯ ತೋಟೆ ಇಡುವಷ್ಟರಲ್ಲಿ ಜಿಂಕೆ ಮರೆಯಾಯಿತು. ಸಂಜೆ ಮರಳಿದ ಅಜ್ಜ ಬೈಯಲಿಲ್ಲ. ಲಾಟೀನು ಹಿಡಿದು, "ನಡೆ, ಹುಡುಕೋಣ" ಎಂದರಂತೆ. ಇಡೀ ರಾತ್ರಿ ಹುಡುಕಿದರು. ಬೆಳಗಿನ ಜಾವ ತೋಡಿನ ಬಳಿ ಅದು ಸಿಕ್ಕಿದಾಗ ಇನ್ನೂ ಉಸಿರಿತ್ತು.

"ಆ ಕಣ್ಣು ಇವತ್ತಿಗೂ ಕಾಣುತ್ತದೆ. ಆಮೇಲೆ ನಾನು ಪ್ರಾಣಿಗೆ ಕೋವಿ ಎತ್ತಲಿಲ್ಲ" ಎಂದು ಅವರು ಸುಮ್ಮನಾದರು. ನಮ್ಮ ಹುಡುಗನೂ ಮತ್ತೆ ಪ್ರಶ್ನೆ ಕೇಳಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ನಮ್ಮ ನಾಸಿಕ್ ಜಿಲ್ಲೆಯ ಯೇವಲಾ ತಾಲೂಕಿನ ಮಮದಾಪುರದಲ್ಲಿ ಕೃಷ್ಣಮೃಗಗಳು ಇಂದು ಹೊಲದಂಚಿನಲ್ಲಿ ಓಡಾಡುತ್ತಿದ್ದರೆ, ರಾಣೆಬೆನ್ನೂರಿನಲ್ಲಿ ಅವುಗಳಿಗಾಗಿಯೇ ಅಭಯಾರಣ್ಯವಿದ್ದರೆ, ಅದಕ್ಕೆ ಈ ಕಾಯಿದೆಯ ಬಲವಿದೆ. ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುವುದುಂಟು. ಇದೆ, ನಿಜ. 1861ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಬಂದದ್ದು ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ.

ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್. ನಾಟಿ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಹಬ್ಬ. ಸುಬೇದಾರರು, ಸಂಭಾಜಿನಗರದಲ್ಲಿ ಎಂಜಿನಿಯರಿಂಗ್ ಓದುವ ಅವರ ಮೊಮ್ಮಗಳು, ಜೊತೆಗೆ ನಾವು, ಮೂವರೂ ಹೊರಟೆವು. ಮಗನಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಬರುತ್ತಿದ್ದರೋ ಇಲ್ಲವೋ!

ಹಬ್ಬದ ದಿನ ನಡುಮನೆಯಲ್ಲಿ ಒಡಿಕತ್ತಿ, ಪೀಚೆಕತ್ತಿಗಳೊಡನೆ ರೈಫಲ್ಲನ್ನೂ ಮನೆಯ ಹನ್ನೆರಡು ಬೋರಿನ ಕೋವಿಯನ್ನೂ ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದರು. ನಳಿಗೆಯ ಬಾಯಿಗೆ ಕೆಂಪು ಹಳದಿ ಬೆರೆತ ತೋಕ್ ಪೂ. ಕೊಡವ ಮಾತಿನಲ್ಲಿ ತೋಕ್ ಎಂದರೆ ಕೋವಿ. ಹೂವಿಗೂ ಅದೇ ಹೆಸರು. ಕಡಂಬುಟ್ಟಿನ ಊಟವಾದ ಮೇಲೆ ಎಲ್ಲರೂ ಮಂದಿನ ಬಯಲಿಗೆ ನಡೆದರು. ಅಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಹೆಂಗಸರೂ ಸಾಲಿನಲ್ಲಿದ್ದರು. ನಮ್ಮ ಹುಡುಗಿಯ ಸರದಿ ಬಂತು. ಮೊದಲ ಗುಂಡು ತಪ್ಪಿತು. ಅವಳು ಅವಸರಪಡಲಿಲ್ಲ, ಕೋವಿ ಇಳಿಸಿ, ಉಸಿರು ಬಿಟ್ಟು, ಅಜ್ಜನ ಕಡೆಗೊಮ್ಮೆ ನೋಡಿ ಮತ್ತೆ ಎತ್ತಿದಳು. ಕಾಯಿ ಒಡೆದು ನೀರು ಸುರಿಯಿತು.

ಸಂಜೆ ದೊಡ್ಡಜ್ಜ ಅವಳನ್ನು ಕರೆದರು. "ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ನಮ್ಮ ಪದ್ಧತಿ. ನನ್ನ ಎರಡು ಗುಂಡು ಯಾರು ಹಾರಿಸುತ್ತಾರೆ ಮಗಳೇ?"

"ನಾನು ಬರುತ್ತೇನೆ ಅಜ್ಜ. ಆದರೆ ಹೆಣ್ಣು ಹುಟ್ಟಿದರೂ ಒಂದು ಗುಂಡು ಹಾರಿಸುತ್ತೇನೆ" ಎಂದಳು. ಮುದುಕರು ನಕ್ಕು ತಲೆಯಾಡಿಸಿದರು. ಸುಬೇದಾರರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ರೈಫಲ್ಲು ಅಲ್ಲಿಯೇ ಉಳಿಯಿತು. ಜಿಲ್ಲಾಧಿಕಾರಿಗಳ ಕಚೇರಿಗೆ ಅವಳ ಹೆಸರಿನ ವಿನಾಯಿತಿ ಪತ್ರದ ಅರ್ಜಿಯನ್ನು ನಾವೇ ಬರೆದೆವು.

ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಊರಮನೆಯ ಅಟ್ಟದಲ್ಲಿ ಅಜ್ಜನ ಕೋವಿ ಇದ್ದೀತು. ವಿನಾಯಿತಿ ಇಲ್ಲದವರು ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಪರವಾನಗಿದಾರರು ತೀರಿಕೊಂಡಿದ್ದರೆ ತಡಮಾಡದೆ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆದು, ಬೇಕಿದ್ದರೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯಂತೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದು. ಈ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಅರ್ಜಿ ಬರೆಯುವುದು ತೊಡಕೆನಿಸಿದರೆ ಸಂಘದ ಮುಂದಿನ ಸಭೆಯಲ್ಲಿ ನಮ್ಮನ್ನು ಕಾಣಿ, ಬರೆದುಕೊಡುತ್ತೇವೆ.