ಪಟ್ಟಿ ಕಟ್ಟದ ದಿನ ಮಗು ಆಡಲೇ ಇಲ್ಲವೇ?

ಹೆಜ್ಜೆ ಎಣಿಸುವ ಕೈಪಟ್ಟಿ ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಮಗ ಮೊಬೈಲ್ ಬಿಟ್ಟು ಹೊರಗೆ ಆಡಲಿ ಎಂದು ಅಪ್ಪ ತಂದುಕೊಡುತ್ತಾರೆ. ಮೊದಲ ವಾರ ಮಲಗುವಾಗಲೂ ಅದು ಕೈಯಲ್ಲೇ ಇರಬೇಕು. ಮೂರನೇ ವಾರಕ್ಕೆ ಚಾರ್ಜ್ ಮುಗಿದು ಟಿ.ವಿ. ಪಕ್ಕ ಬಿದ್ದಿರುತ್ತದೆ. ‘ದುಡ್ಡು ಕೊಟ್ಟು ತಂದರೂ ಸೋಮಾರಿ’ ಎಂಬ ಬೈಗುಳ ಮಗುವಿನ ಪಾಲಿಗೆ.

ತಪ್ಪು ಮಗುವಿನದೇ? ಬ್ರಿಟನ್ನಿನ ಒಂದು ಅನುಭವ ಕೇಳಿ. 2000ದಿಂದ 2002ರ ನಡುವೆ ಹುಟ್ಟಿದ ಸಾವಿರಾರು ಮಕ್ಕಳನ್ನು ಅಲ್ಲಿನ ‘ಮಿಲೇನಿಯಂ ಕೋಹಾರ್ಟ್’ ಅಧ್ಯಯನ ಬೆಳೆದಂತೆಲ್ಲ ಗಮನಿಸುತ್ತಾ ಬಂದಿದೆ. ಅವರಿಗೆ ಏಳು ವರ್ಷವಾದಾಗ ಚಲನೆ ಅಳೆಯುವ ಸಣ್ಣ ಯಂತ್ರವನ್ನು ಅಂಚೆಯಲ್ಲಿ ಮನೆಗೆ ಕಳಿಸಿದರು. ಏಳು ದಿನ ಎದ್ದಿರುವಷ್ಟು ಹೊತ್ತೂ ಅದು ಸೊಂಟದಲ್ಲಿರಬೇಕು. ಸ್ನಾನಕ್ಕೆ ಬಿಚ್ಚಿ ಮತ್ತೆ ನೆನಪಿಟ್ಟು ಕಟ್ಟಬೇಕು, ಕೊನೆಗೆ ಅಂಚೆಗೆ ಹಾಕಬೇಕು. ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮನೆಯವರು ಒಪ್ಪಿದ್ದರು. ನಂಬಬಹುದಾದ ಲೆಕ್ಕ ಸಿಕ್ಕಿದ್ದು ಸುಮಾರು ಆರೂವರೆ ಸಾವಿರ ಮಕ್ಕಳದು ಮಾತ್ರ. ಬಡತನದ ಬಡಾವಣೆಗಳ ಮಕ್ಕಳು, ತಾಯಿಯೊಬ್ಬಳೇ ಸಂಸಾರ ತೂಗಿಸುವ ಮನೆಯ ಮಕ್ಕಳು ಲೆಕ್ಕದಿಂದ ಹೊರಗುಳಿದದ್ದು ಹೆಚ್ಚು.

ಮನೆ ನಡೆಸಿದವರಿಗೆ ಇದು ಅಚ್ಚರಿಯಲ್ಲ. ನಸುಕಿಗೇ ಕೂಲಿಗೆ ಹೊರಡುವ, ಸಾಲದವರ ಫೋನಿಗೆ ಬೆಚ್ಚುವ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ತಾಯಿಗೆ ‘ಪಟ್ಟಿ ಕಟ್ಟಿಕೊಂಡೆಯಾ ಮಗಾ?’ ಎಂದು ಕೇಳಲು ಪುರುಸೊತ್ತೆಲ್ಲಿ? ಮಗುವಿನ ಸ್ವಭಾವವೂ ಇದಕ್ಕೆ ಸೇರುತ್ತದೆ. ಕೆಲವು ಮಕ್ಕಳಿಗೆ ಚರ್ಮಕ್ಕೆ ಏನಾದರೂ ಬಿಗಿಯಾಗಿ ತಾಗಿದರೆ ಸಹಿಸದು. ಹಟಮಾರಿಗೆ ಅಪ್ಪ ಬೈದಷ್ಟೂ ಬೇಡವೆನಿಸುತ್ತದೆ. ನಿಂತಲ್ಲಿ ನಿಲ್ಲದ ಪೋರ ಕಬಡ್ಡಿಗೆ ಇಳಿಯುವಾಗ ಬಿಚ್ಚಿಟ್ಟು ಅಲ್ಲೇ ಮರೆತು ಬರುತ್ತಾನೆ. ಅವನು ಬೆವರು ಸುರಿಸಿದ ಸಂಜೆಯೇ ಲೆಕ್ಕಕ್ಕೆ ಸಿಗುವುದಿಲ್ಲ!

ಸಂಶೋಧಕರು ಇಂಥ ದಿನಕ್ಕೆ ಸೊನ್ನೆ ಹಾಕುವುದಿಲ್ಲ, ‘ಕಟ್ಟಿರಲಿಲ್ಲ’ ಎಂದು ಬದಿಗಿಡುತ್ತಾರೆ. ಆದರೆ ಮೊಬೈಲಿನಲ್ಲಿ ನಮಗೆ ಕಾಣುವುದು ಸೊನ್ನೆಯೇ. ಕಟ್ಟಿಕೊಂಡಿದ್ದರೂ ಸೈಕಲ್ ತುಳಿಯುವಾಗ ಕೈ ಹ್ಯಾಂಡಲ್ ಮೇಲೆ ಹೆಚ್ಚು ಅಲುಗದೆ ಇರುವುದರಿಂದ ಎಣಿಕೆ ಕಡಿಮೆ ಬರುತ್ತದೆ. ಎಲ್ಲರ ಬಾಯಲ್ಲೂ ಇರುವ ‘ಹತ್ತು ಸಾವಿರ ಹೆಜ್ಜೆ’ ಕೂಡ ಮಕ್ಕಳಿಗಾಗಿ ವೈದ್ಯರು ಗೊತ್ತುಮಾಡಿದ ಗುರಿಯಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ ಸಂಖ್ಯೆ ಅದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತಿರದಲ್ಲಿ ಕನ್ನಡ ಶಾಲೆಯಿಲ್ಲದೆ ಪಕ್ಕದೂರಿಗೆ ಬಿರುಸಾಗಿ ನಡೆದು ಹೋಗಿ ಬರುವ ನಮ್ಮ ಗಡಿಯ ಮಗುವಿಗೆ ಅದರ ಒಂದು ಪಾಲು ದಾರಿಯಲ್ಲೇ ಸಂದಿರುತ್ತದೆ.

ಮನೆಯಲ್ಲಿ ಕಷ್ಟ, ಜಗಳ ಇರುವ ವಾರ ಪಟ್ಟಿಯ ಮಾತನ್ನೇ ಎತ್ತಬೇಡಿ. ಕೊಳ್ಳುವ ಮೊದಲು ಒಂದೆರಡು ದಿನ ಬೇರೆಯವರದನ್ನು ಕಟ್ಟಿಸಿ ನೋಡುವುದು ಒಳ್ಳೆಯದು. ಬಿಗಿ ಸಹಿಸದ ಮಗುವಾದರೆ ದುಡ್ಡು ಉಳಿಯಿತು. ಪ್ರಾಜೆಕ್ಟಿಗೆಂದು ಮೇಷ್ಟ್ರು ವಾರದ ಹೆಜ್ಜೆಲೆಕ್ಕ ಕೇಳಿದರೆ, ಖಾಲಿ ದಿನದ ಮುಂದೆ ಸೊನ್ನೆ ಬರೆಸದೆ ‘ಕಟ್ಟಿರಲಿಲ್ಲ’ ಎಂದೇ ಬರೆಸಿ.